ಹದಿನೇಳನೆಯ ಮುಚ್ಚಳ

ಅನ್ನ ಬೇಯಿಸುವ ಯಂತ್ರ ನನ್ನದಲ್ಲ, ಅದರ ಮುಚ್ಚಳವೂ ನನ್ನದಲ್ಲ;
ಮುಚ್ಚಿಕೊಳ್ಳುವಾಗ ಬರುವ ಸದ್ದು ಮಾತ್ರ ನನ್ನದು.
ಸಂಬಳ ಅದಕ್ಕೇ.

ತ್ಸುಬಾಮೆಯಲ್ಲಿ ಹಿಮ ಸೊಂಟದವರೆಗೆ.
ಹಿಂದಿನ ಬೀದಿಯಲ್ಲಿ ಇನ್ನೂ ಚಮಚ ಉಜ್ಜುವ ಗಾಲಿಗಳ ಗುಂಯ್.
ಮೂರನೆಯ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆಯಲ್ಲಿ
ನಾನು ಮುಚ್ಚಳ ತೆಗೆಯುತ್ತೇನೆ, ಹಾಕುತ್ತೇನೆ.
ಟಕ್ ಅಂದರೆ ಅಗ್ಗದ ಮಾಲು.
ಟಪ್ ಅಂದರೆ ಪ್ಲಾಸ್ಟಿಕ್ಕು ತನ್ನ ಗುಟ್ಟು ತಾನೇ ಬಿಟ್ಟುಕೊಟ್ಟ ಹಾಗೆ.
ಕಟಕ್ ಅಂದರೆ ಬೆರಳು ಸಿಕ್ಕಿಕೊಂಡೀತೆಂಬ ಭಯ.
ತೊಪ್ ಅಂದರೆ ಏನೋ ಬಿತ್ತೆಂದು ಯಾರಾದರೂ ತಿರುಗಿ ನೋಡುತ್ತಾರೆ.
ಬೇಕಾದ್ದು ಇವು ಯಾವುದೂ ಅಲ್ಲ.
ಇಗರಾಶಿಯವರು ಸಭೆಯಲ್ಲಿ ತುಟಿ ಕೂಡಿಸಿ ತೋರಿಸಿದರು:
"ಮ್ಪ್. ನಿದ್ದೆ ಹತ್ತಿದ ಕೂಸಿನ ಬಾಯಿ ಮೊಲೆಯಿಂದ ಜಾರಿದ ಹಾಗೆ."
ಯಾರೂ ನಗಲಿಲ್ಲ. ನಾನು ಬರೆದುಕೊಂಡೆ.

ನಾಲ್ಕು ತಿಂಗಳು. ಸ್ಪ್ರಿಂಗು ಬದಲಿಸಿ, ಜಿಡ್ಡು ಬದಲಿಸಿ,
ರಬ್ಬರಿನ ಬಳೆಯನ್ನು ಕೂದಲೆಳೆಯಷ್ಟು ದಪ್ಪ ಮಾಡಿ, ಮತ್ತೆ ತೆಳು ಮಾಡಿ
ಹದಿನಾರು ಮುಚ್ಚಳ.
ಮನೆಯಲ್ಲಿ ಚಿಹೊ ಮಾತಾಡುವಾಗಲೂ
ಮಾತಿನ ಕೊನೆಗೆ ಅವಳ ಬಾಯಿ ಮುಚ್ಚುವ ಸದ್ದನ್ನೇ ಕೇಳುತ್ತಿದ್ದೆ.
ಏನು ಹೇಳಿದಳೋ.

ಜನವರಿಯಲ್ಲಿ ಕೇಳುಗರನ್ನು ಕರೆಸಿದೆವು.
ಒಂದರಿಂದ ಏಳು ಅಂಕ: ಹಿತವೇ? ನಂಬಿಕೆ ಬರುತ್ತದೆಯೇ? ಮನೆ ಅನ್ನಿಸುತ್ತದೆಯೇ?
ಕುವಾಬಾರಾ ಸುಮಿಯೆ, ವಯಸ್ಸು ಎಪ್ಪತ್ತೆಂಟು,
ಮೂವತ್ತೊಂದು ವರ್ಷ ಚಮಚ ಉಜ್ಜಿದ ಕೈ,
ಎಲ್ಲದಕ್ಕೂ ನಾಲ್ಕು ಕೊಟ್ಟರು.
ಕಿವಿ ಮಂದ ಇರಬಹುದೆಂದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿದೆ.

ಕೋಟು ತೊಡುತ್ತ ಅಜ್ಜಿ ಕೇಳಿದರು:
"ಸಿಟ್ಟು ಬಂದ ದಿವಸ ಇದರ ಹತ್ತಿರ ಏನು ಮಾಡಬೇಕಪ್ಪಾ?"

ಉತ್ತರ ಹೊಳೆಯಲಿಲ್ಲ.
ಅವರೇ ಹದಿನಾರನೆಯದನ್ನು ಎತ್ತಿ, ರಟ್ಟೆಯ ಬಲವೆಲ್ಲ ಹಾಕಿ ಅಪ್ಪಳಿಸಿದರು.
ಮುಚ್ಚಳ ನಡುದಾರಿಯಲ್ಲಿ ನಿಂತಿತು, ಯೋಚಿಸಿತು,
ಮೆಲ್ಲಗೆ ಇಳಿದು ಮ್ಪ್ ಅಂದಿತು.
"ನೋಡು. ನನ್ನ ಕೈಯ ಮಾತು ಇದಕ್ಕೆ ಬೇಡ.
ನಮ್ಮತ್ತೆ ಬಾಯಿ ಬಿಟ್ಟು ಒಂದು ಮಾತು ಆಡಿದವರಲ್ಲ.
ಕಬ್ಬಿಣದ ಗಡಿಗೆ, ಮೇಲೊಂದು ಮರದ ಮುಚ್ಚಳ, ಅಷ್ಟೆ.
ಧಡ್ ಅಂದರೆ ಮಾವ ಕುಡಿದು ಬಂದಿದ್ದಾರೆ.
ಧಡ್ ಧಡ್ ಅಂದರೆ ನಾನು ಹಿತ್ತಿಲಲ್ಲಿ ನಿಂತಿರುವುದು ಒಳ್ಳೆಯದು.
ಒಮ್ಮೆ ಸದ್ದೇ ಇಲ್ಲದೆ ಮುಚ್ಚಿದರು;
ಆವತ್ತು ಅವರ ತವರಿನಿಂದ ತಂತಿ ಬಂದಿತ್ತು.
ಇಡೀ ಮನೆ ಮುಚ್ಚಳ ಕೇಳಿಕೊಂಡು ಬದುಕಿತು."
ಬೂಟು ಮೆಟ್ಟಿ ಹೋದರು.
ಉಡುಗೊರೆಯ ಟವೆಲ್ಲು ಮೇಜಿನ ಮೇಲೇ ಉಳಿಯಿತು.

ಹದಿನೇಳನೆಯದನ್ನು ಯಾರೂ ಕೇಳಿರಲಿಲ್ಲ. ರಾತ್ರಿ ಕೂತು ಮಾಡಿದೆ.
ಮೆಲ್ಲಗೆ ಬಿಟ್ಟರೆ ಮೆಲ್ಲಗೆ,
ಕುಕ್ಕಿದರೆ ಕುಕ್ಕಿದಷ್ಟೂ ಸದ್ದು. ಕೈಯಲ್ಲಿ ಇದ್ದದ್ದೇ ಕಿವಿಗೆ.
ಇಗರಾಶಿಯವರು ಎರಡು ಸಲ ಮುಚ್ಚಿ ನೋಡಿದರು,
ಎರಡನೆಯ ಸಲ ಬೇಕಾದ್ದಕ್ಕಿಂತ ತುಸು ಜೋರಾಗಿ.
ಮುಖದಲ್ಲಿ ಏನೋ ಹಾದುಹೋಯಿತು.
"ಚೆನ್ನಾಗಿದೆ" ಅಂದರು. "ಮಾರಾಟಕ್ಕೆ ಆಗುವುದಿಲ್ಲ."

ಚೆರ್ರಿ ಹೂ ಬಿಡುವ ಹೊತ್ತಿಗೆ ಹದಿನಾರನೆಯದು ಅಂಗಡಿ ಸೇರಿತು,
ಡಬ್ಬದ ಮೇಲೆ 'ಶಾಂತ ಅಡುಗೆಮನೆ' ಎಂಬ ಅಕ್ಷರ.
ನಮ್ಮ ಮನೆಗೂ ಒಂದು ಬಂತು, ನೌಕರರ ದರದಲ್ಲಿ.

ಚಿಹೊ ಅನ್ನ ಬಡಿಸಿ ಮುಚ್ಚುತ್ತಾಳೆ. ಮ್ಪ್.
ಬಟ್ಟಲಿನಿಂದ ತಲೆಯೆತ್ತಿ ಅವಳ ಮಣಿಕಟ್ಟು ನೋಡುತ್ತೇನೆ.
ಇವತ್ತು ಹೇಗೆ ಮುಚ್ಚಿದಳೋ,
ತಿಳಿಯುವ ಹಾಗಿಲ್ಲ; ನಾಲ್ಕು ತಿಂಗಳು ಕೂತು ಅಳಿಸಿದ್ದೇ ಅದನ್ನು.
ಕೇಳಬೇಕು. ಬಾಯಿ ಬಿಟ್ಟೇ ಕೇಳಬೇಕು ಇನ್ನು.

"ಇನ್ನೊಂದು ಸ್ವಲ್ಪ ಹಾಕಲಾ?" ಅನ್ನುತ್ತಾಳೆ.