ಇಪ್ಪತ್ಮೂರನೆಯ ಬಾಗಿಲು

ಲೀಮಾದಲ್ಲಿ ಮಳೆ ಬರುವುದಿಲ್ಲ,
ಹಾಗಂತ ಏನೂ ಒಣಗುವುದೂ ಇಲ್ಲ.
ಆಗಸ್ಟ್ ತಿಂಗಳು. ಆಕಾಶವೆಂದರೆ
ಒಗೆದು ಹಿಂಡದೆ ಬಿಟ್ಟ ಬೂದು ಬಟ್ಟೆ.

ಚೀಲದಲ್ಲಿ ಮೂರು ಫೋಟೊ,
ಅಯಾಕುಚೊದ ಹೊಲಿಗೆ ಶಾಲೆಯ ಸರ್ಟಿಫಿಕೇಟು,
ಬಾಸಿಲಿಯಾ ಚಿಕ್ಕಮ್ಮನ ಕೋಣೆಯ ಬೀಗದ ಕೈ:
ರಾತ್ರಿ ಹತ್ತರೊಳಗೆ ಬರಬೇಕು,
ಬೆಳಿಗ್ಗೆ ಆರಕ್ಕೆ ಜಾಗ ಖಾಲಿ ಮಾಡಬೇಕು
ಎಂಬ ಕರಾರಿನ ಮೇಲೆ ಕೊಟ್ಟದ್ದು.

ಗಮಾರ್ರಾ ಬೀದಿಯ ಗೋಡೆಗೋಡೆಗೂ ಕೈಬರಹದ ಚೀಟಿ:
ಓವರ್‌ಲಾಕ್ ಹೊಲಿಯುವವರು ಬೇಕು, ತುರ್ತು.
ತುರ್ತು ಎಂಬುದರ ಅಡಿಗೆ ಎರಡೆರಡು ಗೆರೆ.
ಏಣಿಯಂಥ ಮೆಟ್ಟಿಲು ಹತ್ತಿ ಏಳನೇ ಮಹಡಿ ಮುಟ್ಟುವಾಗ
ಆ ತುರ್ತು ನಿನ್ನೆಯೇ ಮುಗಿದಿರುತ್ತಿತ್ತು.

ಒಬ್ಬ ಕೇಳಿದ, ಅನುಭವ?
ಇದೆ, ಅಂದೆ.
ಎಲ್ಲಿ?
ಮನೆಯಲ್ಲಿ, ಒಂಬತ್ತು ವರ್ಷ.
ಅದು ಅನುಭವ ಅಲ್ಲಮ್ಮ, ಅಭ್ಯಾಸ, ಅಂದ.
ಇನ್ನೊಬ್ಬ ನನ್ನ ಮಾತಿನ ರಾಗ ಕೇಳಿ
ಬೆಟ್ಟದಿಂದ ಯಾವಾಗ ಇಳಿದೆ ಅಂತ ನಕ್ಕ.
ನಾನೂ ನಕ್ಕೆ.
ದಿನವಿಡೀ ಚುಚ್ಚಿದ್ದು ಅವನ ನಗು ಅಲ್ಲ, ನನ್ನದು.

ಆರನೇ ದಿನ, ಹನ್ನೊಂದನೇ ಬಾಗಿಲಾದ ಮೇಲೆ
ಮೂಲೆಯ ಕೈಗಾಡಿಯ ಪಕ್ಕ ನಿಂತೆ,
ಕೊಳ್ಳುವುದಕ್ಕಲ್ಲ, ಹಬೆಗೆ.
ಜವೆಗೋಧಿ, ಅಗಸೆ, ಹೆಸರು ಗೊತ್ತಿಲ್ಲದ ಯಾವುದೋ ಬೇರು
ಹಂಡೆಯಲ್ಲಿ ಕುದಿಯುತ್ತಿದ್ದವು.
ಗಾಡಿಯವಳು ಲೋಟದಿಂದ ಲೋಟಕ್ಕೆ
ಮೊಳದುದ್ದ ಎತ್ತಿ ಸುರಿಯುತ್ತಿದ್ದಳು.
ಅಗಸೆಯ ಲೋಳೆ ನೂಲಿನ ಹಾಗೆ ಇಳಿಯುತ್ತಿತ್ತು,
ಎಲ್ಲೂ ತುಂಡಾಗದೆ.

"ಎಷ್ಟಾಯಿತು?" ಅಂದಳು, ತಲೆಯೆತ್ತದೆ.
ಅದನ್ನು ಕೇಳಬೇಕಾದವಳು ನಾನಲ್ಲವೆ?
"ಬಾಗಿಲು ತಾಯಿ, ಬಾಗಿಲು. ಎಷ್ಟು ತಟ್ಟಿದೆ?"
ಹನ್ನೊಂದು.
"ಅಷ್ಟೇನಾ! ನನಗೆ ಇಪ್ಪತ್ಮೂರನೆಯದು ತೆರೆಯಿತು.
ಹನ್ನೊಂದಕ್ಕೆಲ್ಲ ಯಾರಾದರೂ ಮುಖ ಬಾಡಿಸುತ್ತಾರಾ?"

ಲೋಟ ಚಾಚಿದಳು. ಕಾಸಿಲ್ಲ, ಅಂದೆ.
"ಕುಡಿಯದಿದ್ದರೆ ಬೇಡ, ಹಿಡಿದುಕೊ.
ತಣ್ಣಗಿನ ಬೆರಳು ಪರೀಕ್ಷೆಯ ತುಂಡನ್ನು ಡೊಂಕು ಹೊಲಿಯುತ್ತೆ.
ಕೂತ ತಕ್ಷಣ ಬಾಯಿ ಬಿಡಬೇಡ,
ಮೊದಲು ಪೆಡಲಿನ ಮೇಲೆ ಕಾಲಿಟ್ಟು ನೋಡು,
ಪರರ ಮೆಷಿನ್ನು ಹೊಸ ಕತ್ತೆ ಇದ್ದ ಹಾಗೆ,
ಎಷ್ಟು ಒದೆಯುತ್ತದೋ ತಿಳಿದುಕೊಂಡು ಆಮೇಲೆ ಹೊರಡು."

ಹೆಸರು ಕೇಳಲಿಲ್ಲ. ಹರಸಲೂ ಇಲ್ಲ.
ನಿಂಬೆ ಹಿಂಡುತ್ತ ಮುಂದಿನ ಗಿರಾಕಿಗೆ ತಿರುಗಿದಳು.

ಹನ್ನೆರಡು.
ಹದಿಮೂರರಲ್ಲಿ ಬರೀ ನಾಯಿ.
ಹದಿನಾಲ್ಕು, ಹದಿನೈದು.
ಇಲ್ಲ ಅಂದವರ ಮೇಲೆ ಈಗ ಸಿಟ್ಟಿಲ್ಲ,
ಒಂದೊಂದು ಇಲ್ಲವೂ ಲೆಕ್ಕಕ್ಕೆ ಜಮೆ.
ಹದಿನಾರನೆಯವನು ಬಾಗಿಲು ಹಾಕುವ ಮೊದಲೇ
ನಾನು ಅರ್ಧ ಮೆಟ್ಟಿಲು ಇಳಿದಿದ್ದೆ.

ತೆರೆದದ್ದು ಹದಿನೇಳನೆಯದು.
ಮಕ್ಕಳ ಪೈಜಾಮ. ದಿನಕ್ಕೆ ನಾನೂರು ಕಾಲು.
ನಿಜ ಹೇಳಬೇಕೆಂದರೆ ಕೊಂಚ ಪೆಚ್ಚೆನಿಸಿತು,
ಇನ್ನೂ ಆರು ಬಾಕಿ ಇದ್ದವಲ್ಲ.

ಮೊದಲ ಶನಿವಾರದ ಕೂಲಿ ಹಿಡಿದು
ಸಾಲ ತೀರಿಸಲು ಹೋದೆ.
ಗಾಡಿಯ ಪಕ್ಕ ಒಬ್ಬ ಹುಡುಗ,
ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು,
ಬೂಟಿನ ತುದಿ ಬಾಯಿ ಬಿಟ್ಟಿತ್ತು.

"ಎಷ್ಟಾಯಿತು?"
"ನಲವತ್ತು."
"ಅಷ್ಟೇನಾ!" ಲೋಟ ಮೇಲೆತ್ತಿದಳು, ತಲೆಯೆತ್ತಲಿಲ್ಲ.
"ನನಗೆ ಐವತ್ತೆರಡನೆಯದು ತೆರೆಯಿತು, ಮಗಾ."

ನನ್ನ ಬಾಯಿ ತೆರೆದದ್ದು ಹಾಗೇ ಇತ್ತು.
ಲೋಳೆಯ ನೂಲು ಲೋಟದಿಂದ ಲೋಟಕ್ಕೆ
ನಡುಗದೆ ಇಳಿಯುತ್ತಿತ್ತು.
ಅವಳಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ.

ಹುಡುಗ ನನ್ನ ಕಡೆ ತಿರುಗಿದ,
ಸಾಕ್ಷಿ ಕೇಳುವವನ ಹಾಗೆ.

"ಐವತ್ತೆರಡೇ," ಅಂದೆ.
"ಆ ಮಹಡಿಗೆ ಲಿಫ್ಟೂ ಇರಲಿಲ್ಲ."