ಎಂಟು ನಿಮಿಷದ ದುಃಖ

ದಿನಕ್ಕೆ ಇಪ್ಪತ್ತೆರಡು ಸಲ ನನ್ನ ನಾಯಿ ಸಾಯುತ್ತದೆ.
ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಸಾವು,
ಊಟದ ಹೊತ್ತಿಗೆ ಹನ್ನೊಂದು.
ಟೇ ನದಿಯ ಸೇತುವೆಗೆ ದೀಪ ಹತ್ತುವಾಗ
ಉಳಿದವೂ ಮುಗಿದು, ಕೈಗೆ ಬರುವುದು
ಒಂದು ಲಕೋಟೆ, ಬಸ್ ಚಾರ್ಜು, ಮೊಟ್ಟೆಯ ಸ್ಯಾಂಡ್‌ವಿಚ್.

ನಾನು ಮಿಸೆಸ್ ಗಿಲ್‌ಕ್ರಿಸ್ಟ್ ಎಂದು ಕಾಗದದಲ್ಲಿದೆ.
ನಾಯಿ ಬ್ರ್ಯಾಂಬಲ್, ಹದಿನಾಲ್ಕು ವರ್ಷ.
ನಿಜಕ್ಕೆ ನಾನು ನಾಯಿ ಸಾಕಿದವಳೇ ಅಲ್ಲ,
ಡಂಡೀಯ ಸೆಣಬಿನ ಗಿರಣಿಯಲ್ಲಿ ನೂಲು ಸುತ್ತಿದವಳು.
ಭಾನುವಾರ ಚರ್ಚಿನ ಹಾಲಿನಲ್ಲಿ ನಾಟಕ;
ಕರೆದರೆ ಅಳು ಬರುತ್ತದೆ ಎಂದು ಹೆಸರಾಗಿತ್ತು.
ಡಾಕ್ಟರಾಗಲು ಬರುವ ಮಕ್ಕಳ ಮುಂದೆ
ಈಗ ಅದನ್ನೇ ಕರೆಯುತ್ತೇನೆ.

ಗಂಟೆ. ಬಾಗಿಲು.
ಹೊಸ ಕೋಟಿನ ಹುಡುಗ,
ಕೋಟಿಗಿಂತ ಹೊಸತು ಮುಖದ ಕನಿಕರ.
ಕುರ್ಚಿ ಇಷ್ಟೇ ಓರೆ, ತಲೆ ಇಷ್ಟೇ ವಾಲಿಕೆ,
‘ಇದು ನಿಮಗೆ ಎಷ್ಟು ಕಷ್ಟವಾಗಿರಬೇಕು.’
ಬೆಳಗಿನಿಂದ ಆ ಮಾತು ಇದು ಐದನೇ ಸಲ,
ಅದೇ ತೂಕ, ಅದೇ ತಡೆ.
ಎಡಿನ್‌ಬರೋದ ಯಾವುದೋ ಕೋಣೆಯಲ್ಲಿ
ಗಂಟೆಗಿಷ್ಟು ಎಂದು ಹಣ ಎಣಿಸಿಕೊಂಡು
ಯಾರೋ ಈ ವಾಕ್ಯ ಹೊಲಿದು ಕೊಡುತ್ತಾರೆ.
ಮೌನವನ್ನೂ ಕಲಿತು ಬಂದಿದ್ದಾನೆ:
ಒಂದು, ಎರಡು, ಮೂರು, ನಾಲ್ಕು,
ತುಟಿಯ ಹಿಂದಿನ ಎಣಿಕೆ ನನಗೆ ಕೇಳಿಸುತ್ತದೆ.

ಹಂಗಿಸುತ್ತಿಲ್ಲ ನಾನು. ಹೊರಡುವಾಗ ಕೈಕುಲುಕಿದ,
ಅಂಗೈ ತಣ್ಣಗೆ, ಒದ್ದೆ.
ಅಪ್ಪ ಮೂಳೆಯ ಡಾಕ್ಟರಂತೆ, ಅಜ್ಜ ಕಣ್ಣಿನ ಡಾಕ್ಟರಂತೆ,
ಮನೆಯ ಗೋಡೆಗೆ ಇವನ ಫೋಟೋದ ಮೊಳೆ
ಆಗಲೇ ಹೊಡೆದಿರಬೇಕು.
ನಾಲ್ಕು ಅಂಕ ಕೊಟ್ಟೆ.
ಅದು ಮೊಳೆಗೆ ಹೆದರಿದ ಮಗು.

ಹದಿನೆಂಟನೆಯವಳು ಮಧ್ಯಾಹ್ನ ಬಂದಳು.
ವಿಕ್ ಊರಿನಿಂದ ರಾತ್ರಿಯ ಬಸ್ಸು,
ಕಣ್ಣ ಕೆಳಗೆ ಇಡೀ ದಾರಿ.
ಯಾರದೋ ಕೋಟು, ತೋಳು ಮಣಿಕಟ್ಟಿಗೆ ಎಟುಕದು.
ನಾಯಿ ಹೋಯಿತು ಎಂದೆ.
ಎಷ್ಟು ಕಷ್ಟ ಎನ್ನಲಿಲ್ಲ ಅವಳು.
‘ಅದಕ್ಕೆ ಏನು ಇಷ್ಟವಿತ್ತು ತಿನ್ನಲಿಕ್ಕೆ?’

ಕಾಗದದಲ್ಲಿ ಇಲ್ಲದ ಪ್ರಶ್ನೆ.
‘ಬ್ರೆಡ್ಡಿನ ಅಂಚು,’ ಎಂದುಬಿಟ್ಟೆ, ‘ಬೆಣ್ಣೆ ಹಚ್ಚಿದ್ದು.’
ಅದು ನನ್ನ ಗಂಡ ನನ್ನ ತಟ್ಟೆಯಿಂದ ಎತ್ತಿಕೊಳ್ಳುತ್ತಿದ್ದದ್ದು.
ಕರೆಯದ ಅಳು ಬಂತು.
ಅವಳು ಸುಮ್ಮನೆ ಕಪ್ಪನ್ನು ತಿರುಗಿಸಿ
ಹಿಡಿಯನ್ನು ನನ್ನ ಎಡಗೈ ಕಡೆಗಿಟ್ಟಳು.
ಬಲಗೈ ನಡುಗುವುದು ನಟನೆಯಲ್ಲ;
ಇಷ್ಟು ವರ್ಷ ಯಾರೂ ನೋಡಿರಲಿಲ್ಲ.
ಮೂಲೆಯ ಪರೀಕ್ಷಕರ ಪೆನ್ನು ಅಲುಗಲಿಲ್ಲ.
ಕಪ್ಪು ತಿರುಗಿಸಿದ್ದಕ್ಕೆ ಚೌಕವಿಲ್ಲ.
ಗಂಟೆ ಹೊಡೆದಾಗ ಅವಳ ಮಾತು ಅರ್ಧದಲ್ಲಿತ್ತು.

ನನ್ನ ಪಾಲಿಗೆ ಒಂದೇ ಪ್ರಶ್ನೆ:
ಇವರು ನಿಮ್ಮ ಡಾಕ್ಟರಾದರೆ ಒಪ್ಪಿಗೆಯೇ?
ಐದು ಎಂದು ಬರೆದೆ, ಎರಡು ಸಲ ತಿದ್ದಿ ದಪ್ಪಗೆ.
ಇಪ್ಪತ್ತರಲ್ಲಿ ಒಂದು ಪಾಲು ನನ್ನ ಐದಕ್ಕೆ ಬೆಲೆ.
ಮಿಕ್ಕದ್ದನ್ನು ತೂಗುವ ತಕ್ಕಡಿ ಬೇರೆ ಕಡೆ ಇದೆ:
ಚಿಕ್ಕಪ್ಪನ ಆಸ್ಪತ್ರೆಯಲ್ಲಿ ಕಳೆದ ಎರಡು ವಾರ ಅನುಭವ,
ತಾತನ ಬೆನ್ನಹುಣ್ಣು ತೊಳೆದ ಮೂರು ವರ್ಷ ಮನೆಗೆಲಸ.

ಆದರೂ ಒಂದು ಮಾತು ಹೇಳಬೇಕು.
ಗಂಡ ಹೋದ ರಾತ್ರಿ ವಾರ್ಡಿನ ಎಳೆಯ ಡಾಕ್ಟರು
ತಲೆ ಇಷ್ಟೇ ವಾಲಿಸಿ ಅಂದಿದ್ದ,
‘ಇದು ನಿಮಗೆ ಎಷ್ಟು ಕಷ್ಟವಾಗಿರಬೇಕು.’
ಕೊಂಡು ತಂದ ಮಾತೋ ಏನೋ, ಒರಗಿದೆ; ಮುರಿಯಲಿಲ್ಲ.
ಬಾಡಿಗೆ ಕೊಡೆಯೂ ಮಳೆ ತಡೆಯುತ್ತದೆ.
ಕೊಡೆಯ ಮೇಲೆ ನನಗೆ ಸಿಟ್ಟಿಲ್ಲ,
ಬಾಡಿಗೆಯ ಮೇಲೆ.

ಸಂಜೆ ಬಸ್ ಸ್ಟಾಪಿನಲ್ಲಿ ಅವಳೇ ಓಡಿ ಬಂದಳು,
‘ಒಳಗೆ ಹೇಳಲು ಮರೆತೆ. ನಾಯಿಯ ವಿಷಯ
ಕೇಳಿ ಬೇಜಾರಾಯಿತು.’
ಅಲ್ಲಿ ಗಂಟೆಯಿಲ್ಲ, ಪೆನ್ನಿಲ್ಲ. ನಾಯಿಯೂ ಇರಲಿಲ್ಲ,
ಅದು ಅವಳಿಗೂ ಗೊತ್ತು.

ಯಾರು ಸೇರಿದರು, ಯಾರು ಮರಳಿದರು
ನಮಗೆ ತಿಳಿಸುವ ರೂಢಿಯಿಲ್ಲ.
ರಾತ್ರಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಿಂದೆ,
ಅಂಚನ್ನು ತಟ್ಟೆಯಲ್ಲೇ ಬಿಟ್ಟೆ.