ಹುಲ್ಲು ಕಿತ್ತ ಲೆಕ್ಕ

ಸಂಪೆಕಟ್ಟೆಯ ಮೇಲಿನ ಹಳ್ಳದ ಬದಿಗೆ
ಖಲಂದರನ ಜೀಪು ಮೂರು ಸಲ ಹತ್ತಿಳಿದು
ಪೆಟ್ಟಿಗೆ, ಕೊಡೆ, ಕ್ಯಾಮೆರಾ ಇಳಿಸಿತು.
ಪ್ರಾಣಿ ಮಾತ್ರ ಬಂದಿರಲಿಲ್ಲ.
‘ಅದು ಮುಂಬೈಯಲ್ಲಿ ಕಂಪ್ಯೂಟರಿನೊಳಗೆ ಬೆಳೀತಾ ಇದೆ,
ಈಗ ಬೇಕಾದ್ದು ಅದು ನಡೆದ ಜಾಗ’ ಅಂದರು ಇಳಾ ಮೇಡಂ.
ಟಿ.ವಿ.ಗೆ ಆರು ಕಂತು. ನಮ್ಮ ಗುಡ್ಡ ಮೂರನೆಯದು.

ನಮಗೆ ಹೇಳಿದ ಕೆಲಸ ಹುಲ್ಲು ಕೀಳುವುದು.
ನಾನು, ಚೌಡಿ, ಕೆರಿಯಮ್ಮ, ಅವಳ ಸೊಸೆ.
ದಿನಕ್ಕೆ ಆರು ನೂರು, ಊಟ ಅವರದೇ.
ಗದ್ದೆಯ ಕಳೆ ಕಿತ್ತು ಸವೆದ ಉಗುರು ನಮ್ಮದು,
ಕಾಡಿನ ಕಳೆ ಕೀಳಿ ಅಂದವರು ಇವರೇ ಮೊದಲು.
ಆ ಕಾಲದಲ್ಲಿ ಹುಲ್ಲಿರಲಿಲ್ಲವಂತೆ.
ಕಮ್ಯುನಿಸ್ಟ್ ಗಿಡವೂ ಇರಲಿಲ್ಲವಂತೆ,
ಅದು ನನ್ನಜ್ಜಿಯ ಕಾಲಕ್ಕೂ ಇರಲಿಲ್ಲ, ಬಿಡಿ.
ಜರಿಗಿಡ ಇರಲಿ, ಪಾಚಿ ಇರಲಿ, ಗೌರಿಹೂವು ಬೇಡ.
ಚೌಡಿ ಒಂದನ್ನು ಮುಡಿಗೆ ಸಿಕ್ಕಿಸಿಕೊಂಡು
ಉಳಿದದ್ದನ್ನು ಬುಟ್ಟಿಗೆ ಹಾಕಿದಳು.

ಬಿದಿರ ಗಳುವಿನ ತುದಿಗೆ ಹಳದಿ ಚೆಂಡು ಕಟ್ಟಿ
ನನ್ನ ಕೈಗೆ ಕೊಟ್ಟರು:
‘ಚೆಂಡು ಅಂದ್ರೆ ತಲೆ. ನೀವು ಅಂದ್ರೆ ಕಾಲು.
ನಿಧಾನ ನಡೀರಿ. ಹದಿನೈದು ಟನ್ ಇದ್ದೀರಿ.’
ನಲವತ್ತೆಂಟು ಕೆಜಿಯವಳು
ಹದಿನೈದು ಟನ್ ನಡೆದೆ.
ಕೆರಿಯಮ್ಮ ನಗು ತಡೆಯಲಾರದೆ ಹಳ್ಳದಲ್ಲೇ ಕೂತಳು.
ಜರಿಗಿಡಕ್ಕೆ ಗಾಳದ ದಾರ ಕಟ್ಟಿ ಮರೆಯಿಂದ ಎಳೆಯುವುದು
ಸೊಸೆಯ ಪಾಲು. ನಾನು ಹೆಜ್ಜೆ ಇಟ್ಟಾಗ ಗಿಡ ನಡುಗಬೇಕು.

ಉಂಬಳ ಮಾತ್ರ ಯಾರ ಮಾತೂ ಕೇಳಲಿಲ್ಲ.
‘ಆಗ ಇದೂ ಇತ್ತಾ?’ ಉಪ್ಪು ಉದುರಿಸುತ್ತ ಮೇಡಂ ಕೇಳಿದರು.
‘ಮೂಳೆ ಇಲ್ಲದ್ದು ಸುಳಿವು ಬಿಡೋದು ಕಷ್ಟ’
ಅಂದರು ಗುಜರಾತಿನಿಂದ ಬಂದಿದ್ದ ಡಾಕ್ಟರ್ ಸೋಲಂಕಿ.
ಅವರ ಹಿಂದಿಯನ್ನು ಕನ್ನಡ ಮಾಡಿ
ಖಲಂದರ್ ನಮಗೆ ಬಡಿಸುತ್ತಿದ್ದ.

ಮೂರನೇ ರಾತ್ರಿ ಶಾಲೆಯ ಜಗಲಿಯಲ್ಲಿ
ಕಡುಬು, ಕೋಳಿಸಾರು.
ಡಾಕ್ಟರು ಕಾಲಿನ ಮೂಳೆ ಎತ್ತಿ ಹಿಡಿದು
ಇದೂ ಅದರ ವಂಶವೇ ಅಂದರು.
‘ಹಾಗಾದರೆ ಇನ್ನೊಂದು ಸೌಟು ಡೈನೋ ಸಾರು’ ಅಂದ ಖಲಂದರ್.
ನಿಮ್ಮ ಗುಡ್ಡ ಅಗೆದರೆ ಒಂದು ಮೂಳೆಯೂ ಸಿಗದು,
ಈ ಕಲ್ಲು ಮೂಳೆಗಿಂತ ಹಳೆಯದು,
ಕಣ್ಣು, ಕಾಲು, ಬಾಯಿ ಅನ್ನೋದು ಶುರುವಾಗುವ ಮೊದಲಿನದು ಅಂದರು.
ಕುಂಸಿ ಕಡೆಯ ತುಂಡೊಂದನ್ನು ತೋರಿಸಿದರು:
ಪಾಚಿಯಂಥದ್ದೇನೋ ಪದರ ಪದರ ಕೂತೆದ್ದ ಗುರುತು,
ಸೀರೆ ಮಡಿಸಿಟ್ಟ ಹಾಗೆ. ಇನ್ನೂರೈವತ್ತು ಕೋಟಿ ವರ್ಷ.
ಬೆಲೆ ಎಷ್ಟು ಅಂತ ಕೇಳಿದಳು ಚೌಡಿ.

ಆಮೇಲೆ, ಕೈ ತೊಳೆಯುವಾಗ, ಅವರು ಹೇಳಿದ್ದು:
ಹುಲ್ಲು ಇತ್ತು.
ಮಹಾರಾಷ್ಟ್ರದ ಕಡೆ ಕಲ್ಲಾದ ಲದ್ದಿ ಸಿಕ್ಕಿದೆ,
ಅದರೊಳಗೆ ಹುಲ್ಲು.
ಭತ್ತದ ನೆಂಟಸ್ತಿಕೆಯ ಹುಲ್ಲು ಕೂಡ.
‘ಮತ್ತೆ ಮೂರು ದಿನ ನಾವು ಕಿತ್ತದ್ದು?’
ಖಲಂದರ್ ನನ್ನ ಸಿಟ್ಟನ್ನೂ ಹಿಂದಿ ಮಾಡಿದ.
ಡಾಕ್ಟರು ಮೇಡಂ ಮುಖ ನೋಡಿದರು.
ಮೇಡಂ ಲ್ಯಾಪ್‌ಟಾಪಿನ ಮುಖ ನೋಡಿದರು.
‘ಹುಲ್ಲು ಕಂಡರೆ ಇದು ಇವತ್ತಿನ ಕಾಡು ಅನಿಸುತ್ತೆ.
ನೋಡೋರು ನಂಬೋದಿಲ್ಲ.’

ಮರುದಿನ ಕೊನೆಯ ಜಾಗ. ಹಳ್ಳ ತಿರುಗುವಲ್ಲಿ
ಬಂಡೆಯ ಬುಡಕ್ಕೆ ಒಂದು ಹಿಡಿ ಹುಲ್ಲು.
ಬೆರಳು ಸುತ್ತಿದೆ. ಬೇರಿನ ಹಿಡಿತ ಗೊತ್ತಾಯಿತು.
ಬಿಟ್ಟೆ.
ಅದರ ಮೇಲೊಂದು ಉಂಬಳ ತಲೆಯೆತ್ತಿ ಹುಡುಕುತ್ತಿತ್ತು, ಅದನ್ನೂ ಬಿಟ್ಟೆ.
ಆರು ನೂರರಲ್ಲಿ ಎರಡು ರೂಪಾಯಿಯ ಮೋಸ ಅಂದುಕೊಳ್ಳಿ.

ಮಳೆಗಾಲ ಕಳೆದು ಆ ಕಂತು ಬಂತು.
ಕೆರಿಯಮ್ಮನ ಮನೆಯಲ್ಲಿ ಹದಿನೇಳು ಜನ, ಒಂದು ಟಿ.ವಿ.
ಕರೆಂಟಿನ ಟವರುಗಳನ್ನೆಲ್ಲ ಗುಡ್ಡದಿಂದ ಒರೆಸಿಹಾಕಿದ್ದರು.
ನನ್ನನ್ನೂ. ಗಳುವನ್ನೂ. ಹಳದಿ ಚೆಂಡಿದ್ದಲ್ಲಿ
ಒದ್ದೆ ಕಣ್ಣಿನ ದೊಡ್ಡದೊಂದು ತಲೆ.
ಹೆಜ್ಜೆ ಮಾತ್ರ ನನ್ನದೇ, ಎಡಗಾಲು ತುಸು ಎಳೆಯುವುದೂ.
ಜರಿಗಿಡ ನಡುಗಿದಾಗ ಸೊಸೆ
‘ಅದು ನಾನು, ಅದು ನಾನು’ ಅಂತ ಮಗುವಿಗೆ ತೋರಿಸಿದಳು.
ಮಗು ಪ್ರಾಣಿಯನ್ನೇ ನೋಡುತ್ತಿತ್ತು.

ಹಳ್ಳ ತಿರುಗಿತು. ಬಂಡೆ ಬಂತು.
ಪರದೆಯ ಕೆಳಮೂಲೆಯಲ್ಲಿ, ರೆಪ್ಪೆ ಬಡಿಯುವಷ್ಟು ಹೊತ್ತು,
ನನ್ನ ಹಿಡಿ ಹುಲ್ಲು.
ಅದು ಕತ್ತು ಇಳಿಸಿತು.
ಮೂಸಿದ ಹಾಗಿತ್ತು.
ಆಮೇಲೆ ಸೋಪಿನ ಜಾಹೀರಾತು.